ರಾಯಭಾರಿಯ ಮನೆಯಲ್ಲಿ ಕುಡಿಯದೆ ಬಿಟ್ಟ ಚಹಾ

ಕೈಫಾನಿನಲ್ಲಿ ಬೂ ಜರ್ರಾಹ್‌ನ ದಿವಾನಿಯಾಕ್ಕೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಗೋಡೆಯ ಮೇಲಿನ ಕೊಡೆ. ಗಂಡಸರು ಬಂದು ಕೂತು, ಕಾಫಿ ಕುಡಿದು, ಮಾತಾಡಿ ಹೋಗುವ ಇಂಥ ಹೊರಕೋಣೆಗಳಲ್ಲಿ ಆ ಜಾಗಕ್ಕೆ ಅಜ್ಜನ ಕತ್ತಿಯನ್ನೋ ಹಳೆಯ ಹಡಗಿನ ಪಟವನ್ನೋ ತೂಗುಹಾಕುವುದು ವಾಡಿಕೆ. ಇಲ್ಲಿ ಮೊಳೆಗೆ ಒಂದು ಕರಿ ಇಂಗ್ಲಿಷ್ ಕೊಡೆ. ಹಿಡಿ ಬೆತ್ತದ್ದು, ಬಟ್ಟೆಯನ್ನು ಎರಡು ಕಡೆ ನುಸಿ ತಿಂದಿತ್ತು. ವರ್ಷಕ್ಕೆ ಏಳೆಂಟು ದಿನ ಹನಿ ಬಿದ್ದರೆ ಅದೇ ಮಳೆಗಾಲ ಎನ್ನುವ ಕುವೈತಿನಲ್ಲಿ ಅದು ಅರವತ್ತು ವರ್ಷದಿಂದ ಮಡಿಸಿದಂತೆಯೇ ನೇತಾಡುತ್ತಿತ್ತು.

ಬೂ ಜರ್ರಾಹ್‌ನ ಹೆಸರು ಮರ್ಜೂಕ್. ಹಿರಿಯ ಮಗ ಜರ್ರಾಹ್ ಹುಟ್ಟಿದ ದಿನದಿಂದ ಊರಿಗೆಲ್ಲ ಅವನು ಜರ್ರಾಹ್‌ನ ಅಪ್ಪ, ಬೂ ಜರ್ರಾಹ್. ಶುವೈಖ್ ಬಂದರಿನಲ್ಲಿ ದೊಡ್ಡ ಹಡಗುಗಳನ್ನು ಎಳೆಯುವ ಟಗ್ ದೋಣಿಯನ್ನು ಮೂವತ್ತು ವರ್ಷ ನಡೆಸಿ ಮನೆಗೆ ಬಂದವನು. ಆ ಎಂಜಿನ್ನಿನ ಸದ್ದು ಅವನ ಬಲಗಿವಿಯನ್ನು ಪೂರ್ತಿ ತಿಂದಿತ್ತು. ಈಗ ಎಡಗಿವಿಗೆ ಬಾಯಿ ಹಾಕಿತ್ತು.

ಹೊಸಬರು ಬಂದರೆ ಅವರನ್ನು ಕೊಡೆಯ ಎದುರಿಗೇ ಕೂರಿಸಿ, ಅವರು ಕೇಳುವವರೆಗೆ ಕಾಯುತ್ತಿದ್ದ. ಕೇಳಿದರೆ ಹೇಳುತ್ತಿದ್ದ. ಅವನ ಅಪ್ಪ ಹಿಲಾಲ್ ಮುತ್ತಿನ ಹಡಗಿನ ಹಾಡುಗಾರ. ಅವನ ಗಂಟಲು ಎದ್ದರೆ ಹಡಗಿನ ಹುಟ್ಟುಗಳೆಲ್ಲ ಒಟ್ಟಿಗೆ ಏಳುತ್ತಿದ್ದವು. ಆಗ ಫೆಲ್ಟನ್ ಎಂಬ ಒಬ್ಬ ಇಂಗ್ಲಿಷಿನವನು, ದನಿ ಹಿಡಿದಿಡುವ, ಇಬ್ಬರು ಆಳು ಹೊರುವಷ್ಟು ಭಾರದ ಯಂತ್ರ ತಂದು, ಕಡಲ ಬದಿಯ ತನ್ನ ಬಿಡಾರಕ್ಕೆ ಹಿಲಾಲ್‌ನನ್ನು ಕರೆಸಿ, ಹಾಡು ಹಿಡಿದುಕೊಂಡು ಹೋದ. ಹಾಡು ಕೇಳಿ ಮರುಳಾಗಿ ತನ್ನ ಕೊಡೆಯನ್ನೇ ಎತ್ತಿ ಕೊಟ್ಟ.

"ನಮ್ಮಪ್ಪ ಬೇಕು ಅಂತ ಯಾರ ಹತ್ರಾನೂ ಬಾಯಿ ಬಿಟ್ಟೋನಲ್ಲ," ಎಂದು ಕಥೆ ಮುಗಿಯುತ್ತಿತ್ತು. "ಅವನಾಗೇ ಕೊಟ್ಟ."

ಸುಂಕದ ಕಟ್ಟೆಯಲ್ಲಿ ಕೆಲಸ ಮಾಡಿ ನಿವೃತ್ತನಾದ ಬೂ ಗಾನಿಮ್, ಬೂ ಜರ್ರಾಹ್‌ನ ಬಾಲ್ಯದ ಗೆಳೆಯ, ಈ ಕಥೆಯನ್ನು ಎಷ್ಟು ಸಲ ಕೇಳಿದ್ದನೆಂದರೆ ಕೊನೆಯ ಮಾತಿಗೆ ತಾನೂ ಸದ್ದಿಲ್ಲದೆ ತುಟಿ ಆಡಿಸುತ್ತಿದ್ದ.

ಕಥೆಯಲ್ಲಿ ಬೂ ಜರ್ರಾಹ್ ಹೇಳದೆ ಬಿಡುತ್ತಿದ್ದ ಒಂದು ಮಾತಿತ್ತು. ಆ ಹಾಡನ್ನು ಅವನು ಕೇಳಿರಲಿಲ್ಲ. ಆಗ ಅವನಿಗೆ ಒಂಬತ್ತು ವರ್ಷ, ದಡಾರ ಎದ್ದು ಫೈಲಕಾ ದ್ವೀಪದ ಅಜ್ಜಿಯ ಮನೆಯಲ್ಲಿ ಮಲಗಿದ್ದ. ಅಪ್ಪ ದೋಣಿಯಲ್ಲಿ ಮನೆಗೆ ಕರೆತಂದದ್ದು ಜ್ವರದಲ್ಲಿ ಅರೆಬರೆ ನೆನಪು. ತಲೆಯ ಮೇಲೆ ಒಂದು ಕರಿ ಹಾಯಿ ಇತ್ತು, ಅಷ್ಟೇ. ಮುಂದಿನ ವರ್ಷ ಹಿಲಾಲ್ ಎದೆನೋವಿನಲ್ಲಿ ತೀರಿಹೋದ. ಮುಖಕ್ಕೆ ಒಂದು ಫೋಟೋ ಉಳಿಯಿತು, ದನಿಗೆ ಏನೂ ಉಳಿಯಲಿಲ್ಲ. ಅಪ್ಪನ ದನಿ ಹೇಗಿತ್ತು ಎಂದು ನೆನೆಸಿಕೊಳ್ಳಲು ಹೋದರೆ ಎಂಜಿನ್ನಿನ ಸದ್ದೇ ಅಡ್ಡ ಬರುತ್ತಿತ್ತು.

ಒಂದು ವರ್ಷದ ಹಿಂದೆ ಜರ್ರಾಹ್ ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ, ಆ ಹಾಡು ಹಿಡಿದ ಟೇಪಿನ ಸುರುಳಿ ಲಂಡನ್ನಿನ ಒಂದು ಸಂಗ್ರಹದಲ್ಲಿದೆ ಎಂದು ಪತ್ತೆ ಮಾಡಿದ. ಪತ್ರ ಬರೆದ. ಉತ್ತರ ಮರ್ಯಾದೆಯದೇ ಆಗಿತ್ತು. ಫೆಲ್ಟನ್ನರ ವಾರಸುದಾರರ ಒಪ್ಪಿಗೆ ಸಿಗದೆ ಪ್ರತಿ ಕಳಿಸಲಾಗದು, ಬೇಕಾದವರು ಖುದ್ದು ಬಂದು ಕೇಳಬಹುದು ಎಂದು ಬರೆದಿದ್ದರು. ಕಿವಿಯ ಡಾಕ್ಟರು ವಿಮಾನ ಎಂದ ಕೂಡಲೇ ತಲೆಯಾಡಿಸಿದರು. ಮೇಲೆ ಹಾರಿದರೆ ಉಳಿದದ್ದೂ ಹೋದೀತು, ಹಾರದಿದ್ದರೂ ಕಿವಿ ಉಳಿಯುವುದು ಇನ್ನೊಂದು ವರ್ಷ, ಹೆಚ್ಚೆಂದರೆ ಒಂದೂವರೆ, ಎಂದರು.

ಹೀಗಿರುವಾಗ, ಫೆಬ್ರವರಿಯ ಒಂದು ಸಂಜೆ, ಇಂಗ್ಲಿಷ್ ರಾಯಭಾರಿಯೇ ದಿವಾನಿಯಾಕ್ಕೆ ಬಂದರು.

ಹೊಸದಾಗಿ ಬಂದ ರಾಯಭಾರಿಗಳು ಊರಿನ ದಿವಾನಿಯಾಗಳನ್ನು ಸುತ್ತುವುದು ಕುವೈತಿನಲ್ಲಿ ಹೊಸತಲ್ಲ. ಆದರೆ ಅವರು ಹೋಗುವುದು ದೊಡ್ಡ ಮನೆತನಗಳಿಗೆ. ಕೈಫಾನಿನ ಟಗ್ ದೋಣಿಯವನ ಮನೆಗೆ ಯಾಕೆ ಬಂದರೆಂದರೆ, ಕೊಡೆಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಹ್ಯೂ ಲಾಕ್‌ವುಡ್ ಎಂದು ಹೆಸರು, ತೆಳ್ಳಗೆ ಉದ್ದಕ್ಕಿದ್ದ ಮನುಷ್ಯ, ನೆಲದ ಮೆತ್ತೆಯ ಮೇಲೆ ಕಾಲು ಮಡಚಲು ಒದ್ದಾಡಿ ಕೊನೆಗೆ ಹೇಗೋ ಕೂತರು. ಅರಬ್ಬಿ ಬರುತ್ತಿತ್ತು, ಪುಸ್ತಕದ್ದು.

"ನಿಮ್ಮ ಆತಿಥ್ಯಕ್ಕೆ ನಾನು ಅತ್ಯಂತ ಆಭಾರಿಯಾಗಿದ್ದೇನೆ," ಎಂದರು ಕಾಫಿಯ ಮೊದಲ ಬಟ್ಟಲಿಗೆ.

"ಇವರ ಮಾತು ಕೇಳ್ತಾ ಇದ್ರೆ ಶುಕ್ರವಾರದ ಪ್ರವಚನಕ್ಕೆ ಕೂತ ಹಾಗಾಗತ್ತೆ ಕಣಯ್ಯ," ಎಂದು ಬೂ ಗಾನಿಮ್ ಬೂ ಜರ್ರಾಹ್‌ನ ಕಿವಿಯಲ್ಲಿ ಪಿಸುಗುಟ್ಟಿದ. ಅದು ಕೇಳದ ಕಿವಿಯಾದ್ದರಿಂದ ಎರಡನೆಯ ಸಲ ಜೋರಾಗಿ ಹೇಳಬೇಕಾಯಿತು. ರಾಯಭಾರಿಗೂ ಕೇಳಿಸಿತು. ಅವರು ನಕ್ಕರು. ಅಲ್ಲಿಗೆ ಎಲ್ಲರಿಗೂ ಅವರು ಹಿಡಿಸಿಬಿಟ್ಟರು.

ಕೊಡೆಯ ಕಥೆ ಆಯಿತು. ರಾಯಭಾರಿ ಎದ್ದು ಹತ್ತಿರ ಹೋಗಿ, ಕೈ ಹಿಂದೆ ಕಟ್ಟಿಕೊಂಡು, ಮಸೀದಿಯಲ್ಲಿ ನಿಂತಂತೆ ನಿಂತು ನೋಡಿದರು. ಆ ಹಾಡು ಈಗ ಎಲ್ಲಿದೆ ಎಂದು ಕೇಳಿದರು.

ಬೂ ಗಾನಿಮ್ ಬೂ ಜರ್ರಾಹ್‌ನ ತೊಡೆ ಚಿವುಟಿದ. ಒಂದು ಮಾತು ಸಾಕಿತ್ತು. ಆದರೆ ಮನೆಗೆ ಬಂದವರ ಹತ್ತಿರ ಮನೆಯವನು ಬೇಡುವುದುಂಟೇ? ಅದು ನೆಂಟನ ಜೇಬಿಗೆ ಕೈ ಹಾಕಿದ ಹಾಗೆ.

"ನಿಮ್ಮ ದೇಶದಲ್ಲೇ ಎಲ್ಲೋ ಇರಬೇಕು. ಸುಖವಾಗಿದ್ರೆ ಸಾಕು," ಎಂದುಬಿಟ್ಟ.

ಹೋಗುವಾಗ ರಾಯಭಾರಿ, ಗುರುವಾರ ನಮ್ಮ ಮನೆಗೆ ಚಹಾಕ್ಕೆ ಬರಬೇಕು ಎಂದು ಕರೆದರು. ಅವರ ಕಾರು ತಿರುವಿನಲ್ಲಿ ಮರೆಯಾಗುವ ಮುಂಚೆಯೇ ಬೂ ಗಾನಿಮ್ ಶುರುಮಾಡಿದ. ಇಂಥ ಸಮಯ ಇನ್ನು ಸಿಗುವುದಿಲ್ಲ, ಕೋಳಿ ತಾನಾಗಿ ಪಾತ್ರೆಯೊಳಗೆ ಬಂದು ಕೂತಿತ್ತು, ನೀನು ಮುಚ್ಚಳ ತೆಗೆದು ಹಾರಿಸಿಬಿಟ್ಟೆ ಎಂದು ಬೈದ. ಬೂ ಜರ್ರಾಹ್ ನಿಧಾನವಾಗಿ ಬಟ್ಟಲುಗಳನ್ನು ಜೋಡಿಸುತ್ತ ಹೇಳಿದ: "ಗುರುವಾರ ನಾನು ಅವರ ಮನೆಯ ನೆಂಟ. ಆವತ್ತು ಕೇಳ್ತೀನಿ. ಕೇಳೋ ರೀತೀಲಿ ಕೇಳ್ತೀನಿ."

ಕೇಳುವ ರೀತಿ ಒಂದಿತ್ತು. ಅವನ ಅಜ್ಜನ ಕಾಲದಿಂದ, ಅದಕ್ಕೂ ಹಿಂದಿನಿಂದ ಇದ್ದದ್ದು. ದೊಡ್ಡದೊಂದನ್ನು ಬೇಡಲು ಬಂದ ನೆಂಟ ಬಾಯಿ ಬಿಡುವುದಿಲ್ಲ. ಕೊಟ್ಟ ಬಟ್ಟಲನ್ನು ತುಟಿಗೆ ತಾಗಿಸದೆ ಮುಂದೆ ನೆಲದ ಮೇಲೆ ಇಡುತ್ತಾನೆ. ಮನೆಯವನು ಅದನ್ನು ಕಂಡು, ನಿನ್ನ ಬೇಡಿಕೆ ಏನು ಎಂದು ಕೇಳುತ್ತಾನೆ, ಆಯಿತು ಕುಡಿ ಎನ್ನುತ್ತಾನೆ. ಆಮೇಲೆ ನೆಂಟ ಕುಡಿಯುತ್ತಾನೆ. ಕುಡಿಯದ ಬಟ್ಟಲು ಮನೆಯಲ್ಲಿ ಉಳಿದರೆ ಆ ಮನೆಗೆ ಅವಮಾನ. ಹೆಣ್ಣು ಕೇಳುವುದು ಹೀಗೆ, ಕೊಲೆಗೆ ಕ್ಷಮೆ ಕೇಳುವುದೂ ಹೀಗೆ. ಅಪ್ಪನ ದನಿ ಇವುಗಳಿಗಿಂತ ಸಣ್ಣದೇನಲ್ಲ.

ಹೆಂಡತಿ ಉಮ್ಮ್ ಜರ್ರಾಹ್ ಇದನ್ನು ಕೇಳಿ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು.

"ಬಾಯಿ ಇದೆಯಲ್ಲ, ಅದರಲ್ಲೇ ಕೇಳ್ಬಾರ್ದಾ?"

"ಬಾಯಲ್ಲಿ ಕೇಳೋದು ಅಂಗಡೀಲಿ."

"ಅವರಿಗೆ ನಮ್ಮ ರೀತಿ ಗೊತ್ತಿರತ್ತೆ ಅಂತ ಏನು ಗ್ಯಾರಂಟಿ?"

"ಇನ್ನೂರು ವರ್ಷದಿಂದ ಬಂದು ನಮ್ಮ ಕಾಫಿ ಕುಡೀತಿದ್ದಾರೆ. ಇಷ್ಟೂ ಗೊತ್ತಿಲ್ದೆ ಇರ್ತಾರಾ?"

ಅವಳು ಮತ್ತೆ ಇಸ್ತ್ರಿ ಹಿಡಿದಳು. ಅವನ ಬಿಳಿಯ ನಿಲುವಂಗಿಯ ತೋಳಿಗೆ ಎರಡು ಸಲ ಹೆಚ್ಚೇ ಒತ್ತಿದಳು.

ಗುರುವಾರ ನಾಲ್ಕು ಗಂಟೆಗೆ ಬೂ ಜರ್ರಾಹ್ ಖರ್ಜೂರದ ಡಬ್ಬಿಯೊಂದಿಗೆ ಕಡಲ ಬದಿಯ ರಾಯಭಾರಿ ಬಂಗಲೆಗೆ ಹೋದ. ರಾಯಭಾರಿ, ಅವರ ಹೆಂಡತಿ ಮೇರಿಯನ್, ಇಬ್ಬರೂ ಬಾಗಿಲಿಗೆ ಬಂದು ಕರೆದೊಯ್ದರು. ಕಿಟಕಿಯಾಚೆ ಕಡಲು, ಒಳಗೆ ಕೆಂಪು ಜಮಖಾನೆ, ಹೂವಿನ ಪಿಂಗಾಣಿ. ಆ ತಾಯಿಯೇ ಕೈಯಾರೆ ಚಹಾ ಸುರಿದು ಕೊಟ್ಟಳು.

ಬೂ ಜರ್ರಾಹ್ ಎರಡೂ ಕೈಯಲ್ಲಿ ತೆಗೆದುಕೊಂಡ. ಬಗ್ಗಿ, ಬಟ್ಟಲನ್ನು ಜಮಖಾನೆಯ ಮೇಲೆ ತನ್ನ ಪಾದದ ಮುಂದೆ ಇಟ್ಟ. ನೆಟ್ಟಗೆ ಕೂತ. ಕಾದ.

ರಾಯಭಾರಿ ಬಟ್ಟಲು ನೋಡಿದರು, ಹೆಂಡತಿಯ ಮುಖ ನೋಡಿದರು, ಎದ್ದು ಹೋಗಿ ಒಂದು ಪುಟ್ಟ ಮೇಜು ತಂದು ನೆಂಟನ ಪಕ್ಕಕ್ಕೆ ಹಾಕಿ, ಬಟ್ಟಲನ್ನು ಎತ್ತಿ ಅದರ ಮೇಲಿಟ್ಟರು. ಬೂ ಜರ್ರಾಹ್ ಅದನ್ನು ಮೆತ್ತಗೆ ಎತ್ತಿ ಮತ್ತೆ ನೆಲದ ಮೇಲಿಟ್ಟ.

ಹಾಲು ಬೇಡವಾಗಿತ್ತೇನೋ ಎಂದುಕೊಂಡು ಆಕೆ ಹಾಲಿಲ್ಲದ ಚಹಾ ತಂದಳು. ಅದೂ ನೆಲಕ್ಕೆ ಹೋಯಿತು. ಪುದೀನ ಹಾಕಿದ ಚಹಾ ಬಂತು. ಆಮೇಲೆ ಕಾಫಿ. ಆಮೇಲೆ ನಿಂಬೆಯ ಪಾನಕ. ಮಾತು ಹವೆಯ ಮೇಲೆ, ಮೀನಿನ ಬೆಲೆಯ ಮೇಲೆ, ಸೇತುವೆಯ ಮೇಲೆ ಹರಿಯಿತು. ಬೂ ಜರ್ರಾಹ್‌ನ ಕಾಲ ಬುಡದಲ್ಲಿ ಐದು ಬಟ್ಟಲುಗಳು ಸಾಲಾಗಿ ಆರುತ್ತ ಕೂತವು. ಒಂದೊಂದು ಹೊಸ ಬಟ್ಟಲು ಬಂದಾಗಲೂ ಅವನಿಗೆ ಅನಿಸಿದ್ದು ಒಂದೇ. ಈ ಮನುಷ್ಯ ನನ್ನ ಬೇಡಿಕೆಯನ್ನು ಕಾಣುತ್ತಿದ್ದಾನೆ, ಕಂಡೂ ಕೇಳುತ್ತಿಲ್ಲ. ಒಂದಲ್ಲ, ಐದು ಸಲ ನನ್ನನ್ನು ತಳ್ಳುತ್ತಿದ್ದಾನೆ. ಬೂ ಜರ್ರಾಹ್‌ನ ಮುಖದ ಮೇಲಿನ ನಗು ಮಾತ್ರ ಅಲ್ಲಾಡಲಿಲ್ಲ. ಅಲ್ಲಾಡಿಸುವುದು ನೆಂಟನಿಗೆ ಸಲ್ಲದು.

ಐದೂವರೆಗೆ ಎದ್ದು, ಮನೆಗೆ ಒಳ್ಳೆಯದಾಗಲಿ ಎಂದು ಹರಸಿ, ಹೊರಟ.

ಮಾರನೆಯ ದಿನ ದಿವಾನಿಯಾಕ್ಕೆ ಬಂದವರಿಗೆ ಗೋಡೆಯ ಮೇಲೆ ಬರಿ ಮೊಳೆ ಕಂಡಿತು. ಕೊಡೆಯನ್ನು ಬೂ ಜರ್ರಾಹ್ ಒಳಮನೆಯ ಕಪಾಟಿನ ಹಿಂದೆ ತುರುಕಿದ್ದ. ಏನಾಯಿತೆಂದು ಬಿಡಿಸಿ ಬಿಡಿಸಿ ಕೇಳಿದ ಮೇಲೆ ಐದು ಬಟ್ಟಲಿನ ಕಥೆ ಹೊರಬಿತ್ತು. ಬೂ ಗಾನಿಮ್ ಮೊದಲು ತುಟಿ ಕಚ್ಚಿದ, ಆಮೇಲೆ ತಲೆಬಟ್ಟೆಯ ಅಂಚನ್ನು ಬಾಯಿಗೆ ಒತ್ತಿಕೊಂಡ, ಆಮೇಲೆ ನಗು ತಡೆಯಲಾರದೆ ನೆಲಕ್ಕೆ ಉರುಳಿದ.

"ಐದು ಬಟ್ಟಲಾ?"

"ಐದು."

"ಇನ್ನೊಂದು ಗಂಟೆ ಕೂತಿದ್ರೆ ಅಡಿಗೆಮನೇನೇ ನಿನ್ನ ಕಾಲ ಹತ್ರ ಬರ್ತಿತ್ತು ಮಾರಾಯ. ಆ ಪಾಪದವನಿಗೆ ಏನು ಗೊತ್ತು? ಅವರೂರಲ್ಲಿ ಚಹಾ ಕುಡೀಲಿಲ್ಲ ಅಂದ್ರೆ ಚಹಾ ಚೆನ್ನಾಗಿಲ್ಲ ಅಂತ."

ಬೂ ಜರ್ರಾಹ್ ನಗಲಿಲ್ಲ. ಗೊತ್ತಿಲ್ಲದವನಾದರೆ ಕೇಳಬಹುದಿತ್ತಲ್ಲ, ಯಾಕೆ ಕುಡಿಯುತ್ತಿಲ್ಲ ಎಂದು, ಎಂದ. ಅಷ್ಟು ದೊಡ್ಡ ಮನುಷ್ಯ ನೆಂಟನನ್ನು ಮುಜುಗರಕ್ಕೆ ಸಿಕ್ಕಿಸುತ್ತಾನೆಯೇ ಎಂದು ಬೂ ಗಾನಿಮ್ ಕೇಳಿದ್ದಕ್ಕೆ ಅವನು ತನ್ನ ಕೇಳುವ ಕಿವಿಯನ್ನು ಆಚೆಗೆ ತಿರುಗಿಸಿಕೊಂಡ. ಮಗ ಜರ್ರಾಹ್ ತಾನೇ ಫೋನ್ ಮಾಡಿ ವಿಷಯ ಹೇಳುತ್ತೇನೆ ಎಂದಾಗ, ಮಾಡಿದರೆ ಈ ದಿವಾನಿಯಾಕ್ಕೆ ಕಾಲಿಡಬೇಡ ಎಂದುಬಿಟ್ಟ.

ಮೂರನೆಯ ದಿನ ರಾಯಭಾರಿಯ ಮನೆಯಿಂದ ಡ್ರೈವರು ಒಂದು ತಟ್ಟೆ ತಂದ. ತಟ್ಟೆಯ ತುಂಬ ಸಕ್ಕರೆಯಿಲ್ಲದ ಬಿಸ್ಕತ್ತು. ಜೊತೆಗೆ ಚೀಟಿ. ಬೂ ಜರ್ರಾಹ್‌ನ ಆರೋಗ್ಯದ ವಿಷಯ ಮೊದಲೇ ತಿಳಿದುಕೊಳ್ಳದಿದ್ದದ್ದಕ್ಕೆ ಮೇರಿಯನ್ ತುಂಬ ನೊಂದುಕೊಂಡಿದ್ದಳು.

"ನೋಡಿದ್ಯಾ, ಸಕ್ಕರೆ ಕಾಯಿಲೇನೂ ಬಂತು ನನಗೆ," ಎಂದ ಬೂ ಜರ್ರಾಹ್.

ಉಮ್ಮ್ ಜರ್ರಾಹ್ ತಟ್ಟೆಯನ್ನು ತೊಳೆದು ಒರೆಸಿದಳು. ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವ ಮನೆ ಯಾವುದು? ಅವಳು ಕೇಸರಿ, ಏಲಕ್ಕಿ ಹಾಕಿ, ಲುಕೈಮಾತ್ ಕರಿದು, ಆ ಪುಟ್ಟ ಉಂಡೆಗಳನ್ನು ಪಾಕದಲ್ಲಿ ಉರುಳಿಸಿ, ತಟ್ಟೆಯ ತುಂಬ ಗೋಪುರ ಕಟ್ಟಿದಳು. ಇಂಗ್ಲಿಷ್ ಬಲ್ಲ ಸೊಸೆಯನ್ನು ಜೊತೆಗೆ ಕರೆದುಕೊಂಡು, ತಟ್ಟೆ ಕೊಟ್ಟು ಬರುತ್ತೇನೆ ಎಂದು ಹೋದಳು. ಬೂ ಜರ್ರಾಹ್ ಬೇಡ ಎನ್ನುವಂತಿರಲಿಲ್ಲ. ತಟ್ಟೆಯ ಮಾತು ಹೆಂಗಸರದು, ಅದಕ್ಕೆ ಗಂಡಸರು ಅಡ್ಡ ಬರುವಂತಿಲ್ಲ.

ಮೇರಿಯನ್ ಮೂರು ಲುಕೈಮಾತ್ ತಿಂದು ಬೆರಳು ನೆಕ್ಕಿಕೊಳ್ಳುವವರೆಗೆ ಉಮ್ಮ್ ಜರ್ರಾಹ್ ಸುಮ್ಮನಿದ್ದಳು. ಆಮೇಲೆ ಹೇಳಿದಳು: "ತಾಯೀ, ನನ್ನ ಗಂಡನ ಬಟ್ಟಲು ಇನ್ನೂ ನಿಮ್ಮ ಮನೆಯ ನೆಲದ ಮೇಲೇ ಇದೆ."

ಆಕೆ ಗಾಬರಿಯಿಂದ ಜಮಖಾನೆ ನೋಡಿಕೊಂಡಳು. ಸೊಸೆ ನಗು ತಡೆದುಕೊಂಡು ಬಟ್ಟಲಿನ ರೀತಿಯನ್ನು ಬಿಡಿಸಿ ಹೇಳಿದಳು. ಬೇಡಿಕೆ ಏನೆಂಬುದನ್ನು ಮಾತ್ರ ಉಮ್ಮ್ ಜರ್ರಾಹ್ ಹೇಳಲಿಲ್ಲ, ಸೊಸೆಗೂ ಹೇಳಗೊಡಲಿಲ್ಲ. ಅದು ಅವನ ಬಾಯಿಂದಲೇ ಬರಬೇಕಾದ್ದು. ಮೇರಿಯನ್ ಎರಡೂ ಕೈಯಿಂದ ಕೆನ್ನೆ ಹಿಡಿದುಕೊಂಡು, ಐದು ಬಟ್ಟಲು, ಐದು ಬಟ್ಟಲು ಎಂದು ತನ್ನ ಭಾಷೆಯಲ್ಲೇ ಹೇಳಿಕೊಳ್ಳುತ್ತಿದ್ದಳಂತೆ.

ಸೋಮವಾರ ಸಂಜೆ, ಕರೆಯದೆ, ರಾಯಭಾರಿ ದಿವಾನಿಯಾಕ್ಕೆ ಬಂದರು. ಬೂ ಜರ್ರಾಹ್ ಎದ್ದು ನಿಂತು ಬರಮಾಡಿಕೊಂಡ. ಮನಸ್ಸಿನಲ್ಲಿ ಏನಿದ್ದರೂ ಹೊಸ್ತಿಲು ದಾಟಿ ಬಂದವನು ನೆಂಟ. ರಾಯಭಾರಿ ಬರಿ ಮೊಳೆಯನ್ನು ನೋಡಿದರು. ಈ ಸಲ ಕಾಲು ಚೆನ್ನಾಗಿ ಮಡಚಿದರು. ಬೂ ಜರ್ರಾಹ್ ಹಿತ್ತಾಳೆಯ ದಲ್ಲಾದಿಂದ ಕಾಫಿ ಸುರಿದು ಕೊಟ್ಟ.

ರಾಯಭಾರಿ ಬಲಗೈಯಲ್ಲಿ ತೆಗೆದುಕೊಂಡು, ತುಟಿಗೆ ತಾಗಿಸದೆ, ತಮ್ಮ ಮುಂದೆ ನೆಲದ ಮೇಲಿಟ್ಟರು.

ದಿವಾನಿಯಾದಲ್ಲಿ ಹನ್ನೊಂದು ಜನರಿದ್ದರು. ಹನ್ನೊಂದು ಜನರ ಮಾತೂ ನಿಂತಿತು. ಯಾರದೋ ಜಪಮಾಲೆಯ ಒಂದು ಮಣಿ ಟಿಕ್ ಎಂದಿತು.

ಬೂ ಜರ್ರಾಹ್ ಕೇಳಲೇಬೇಕಾದ ಮಾತನ್ನು ಕೇಳಿದ. "ರಾಯಭಾರಿಗಳೇ, ನಿಮ್ಮ ಬೇಡಿಕೆ ಏನು ಹೇಳಿ. ಆಯ್ತು ಅಂತಲೇ ತಿಳ್ಕೊಂಡು ಕುಡೀರಿ."

"ನನ್ನ ಬೇಡಿಕೆ ಒಂದೇ," ಎಂದರು ರಾಯಭಾರಿ, ಆ ಪುಸ್ತಕದ ಅರಬ್ಬಿಯಲ್ಲಿ, ಒಂದೊಂದೇ ಪದ ಇಟ್ಟು. "ಗುರುವಾರದಂದು ನೀವು ನನ್ನ ಗೃಹದಲ್ಲಿ ಯಾವ ಬೇಡಿಕೆಯನ್ನು ಇಟ್ಟಿದ್ದಿರೋ, ಅದನ್ನು ನನಗೆ ತಿಳಿಸಬೇಕು. ಅಲ್ಲಿಯವರೆಗೆ ನಾನು ಕುಡಿಯಲಾರೆ."

ಬೂ ಗಾನಿಮ್ ತೊಡೆ ತಟ್ಟಿದ. "ಸಿಕ್ಕಿಬಿದ್ದೆಯಲ್ಲೋ ಬೂ ಜರ್ರಾಹ್. ನಿನ್ನ ಹಗ್ಗದಲ್ಲೇ ನಿನ್ನನ್ನ ಕಟ್ಟಿದ್ರು."

ನಿಜವೇ ಆಗಿತ್ತು. ಮನೆಯವನು ನೆಂಟನಲ್ಲಿ ಬೇಡಬಾರದು, ಆದರೆ ನೆಂಟ ಇಟ್ಟ ಬೇಡಿಕೆಯನ್ನು ನಡೆಸದೆ ಬಿಡುವಂತೆಯೂ ಇಲ್ಲ. ಬೂ ಜರ್ರಾಹ್ ದಲ್ಲಾವನ್ನು ಕೆಳಗಿಟ್ಟ. ಬರಿ ಮೊಳೆಯ ಕಡೆ ನೋಡಿದ. ಇಷ್ಟು ವರ್ಷ ಹೇಳದೆ ಬಿಟ್ಟಿದ್ದ ಮಾತು ಸಣ್ಣ ದನಿಯಲ್ಲಿ ಬಂತು.

"ಅಪ್ಪ ಏನು ಹಾಡಿದ ಅಂತ ನಾನು ಕೇಳಿಲ್ಲ. ಅವನ ದನೀನೂ ಮರ್ತು ಹೋಗಿದೆ. ಕಿವಿ ಪೂರ್ತಿ ಹೋಗೋ ಮುಂಚೆ ಒಂದು ಸಲ ಕೇಳ್ಬೇಕು."

ರಾಯಭಾರಿ ಬಗ್ಗಿ ಬಟ್ಟಲನ್ನು ಎತ್ತಿಕೊಂಡು, ಒಂದೇ ಗುಟುಕಿಗೆ ಕುಡಿದು, ಇನ್ನು ಸಾಕು ಎಂಬಂತೆ ಬಟ್ಟಲನ್ನು ಅಲ್ಲಾಡಿಸಿ ಹಿಂದಕ್ಕೆ ಕೊಟ್ಟರು. ಅದರಲ್ಲಿ ಒಂದು ತಪ್ಪೂ ಇರಲಿಲ್ಲ.

ಆಮೇಲೆ ಏಳು ವಾರ ಹಿಡಿಯಿತು. ಫೆಲ್ಟನ್ ಎಂದೋ ತೀರಿಕೊಂಡಿದ್ದ. ಅವನ ಮಗಳು ಇಂಗ್ಲೆಂಡಿನ ಕಡಲ ತೀರದ ಒಂದು ಹಳ್ಳಿಯಲ್ಲಿ ನಾಯಿ ಸಾಕಿಕೊಂಡು ಒಬ್ಬಳೇ ಇದ್ದಳು. ಸಂಗ್ರಹದವರ ಪತ್ರಕ್ಕೆ ಉತ್ತರ ಬರೆಯದ ಅವಳು, ರಾಯಭಾರಿಯ ಪತ್ರ ಕಂಡ ದಿನವೇ ರುಜು ಹಾಕಿ ಕಳಿಸಿದಳು. ಜೊತೆಗೆ ಎರಡು ಸಾಲು ಬರೆದಿದ್ದಳಂತೆ. ಅದನ್ನು ಹಾಡು ಕೇಳಿದ ಮೇಲೆ ಓದಬೇಕೆಂದು ಹೇಳಿದ್ದಳು.

ಏಪ್ರಿಲ್ಲಿನಲ್ಲಿ ಮತ್ತೆ ಅದೇ ಕೆಂಪು ಜಮಖಾನೆ. ಈ ಸಲ ಉಮ್ಮ್ ಜರ್ರಾಹ್, ಜರ್ರಾಹ್, ಸೊಸೆ, ಬಿಟ್ಟರೂ ಬಿಡದ ಬೂ ಗಾನಿಮ್, ಎಲ್ಲರೂ ಹೋದರು. ಮೇರಿಯನ್ ಚಹಾ ಕೊಟ್ಟಳು. ಬೂ ಜರ್ರಾಹ್ ಅದನ್ನು ನೆಲದ ಮೇಲಿಟ್ಟ, ಆಕೆ ನಕ್ಕು ತಲೆಬಾಗಿದಳು. ಅವನ ಎಡಗಿವಿಯ ಕಡೆಗೆ ಸಣ್ಣ ಸ್ಪೀಕರ್ ಇಟ್ಟು ರಾಯಭಾರಿ ಗುಂಡಿ ಒತ್ತಿದರು.

ಮೊದಲು ಬರಿ ಸರಸರ. ಹಿಂದೆಲ್ಲೋ ಒಂದು ಆಡು ಅರಚಿತು. ಪಿಂಗಾಣಿಯ ಸದ್ದು. ಆಮೇಲೆ ಮುರುಕು ಅರಬ್ಬಿಯಲ್ಲಿ ಒಬ್ಬ ಇಂಗ್ಲಿಷಿನವನು: "ಹಿಲಾಲ್, ಕಾಫಿ ಯಾಕೆ ನೆಲದಲ್ಲಿ? ಏನು ಬೇಕು? ಹೇಳಿ."

ಬೂ ಗಾನಿಮ್ ಬಾಯಿ ತೆರೆದ. ಉಮ್ಮ್ ಜರ್ರಾಹ್ ಅವನ ಕಡೆ ಒಂದು ನೋಟ ಬಿಟ್ಟಳು, ಬಾಯಿ ಮುಚ್ಚಿಕೊಂಡಿತು.

ಇನ್ನೊಂದು ದನಿ ಬಂತು. ಒರಟು, ಸ್ವಲ್ಪ ಮೂಗಿನಿಂದ ಬರುವಂಥದು, ನಗುವನ್ನು ಹಿಂದೆ ಇಟ್ಟುಕೊಂಡದ್ದು.

"ಆ ಮೂಲೇಲಿ ನಿಂತಿದೆಯಲ್ಲ ದೊರೆ, ಅದು ಬೇಕು."

"ಕೊಡೆ? ಇಲ್ಲಿ ಮಳೆ ಎಲ್ಲಿ?"

"ಮಳೆಗಲ್ಲ. ನನ್ನ ಮಗನಿಗೆ ಫೈಲಕಾದಲ್ಲಿ ದಡಾರ ಎದ್ದಿದೆ. ಬೆಳಕು ಕಂಡ್ರೆ ಕಣ್ಣು ಉರೀತದೆ ಅಂತಾನೆ. ನಾಳೆ ದೋಣೀಲಿ ಕರ್ಕೊಂಡು ಬರ್ಬೇಕು, ದಿನವೆಲ್ಲ ಬಿಸಿಲು. ಮರ್ಜೂಕ್ ಅಂತ ಅವನ ಹೆಸರು. ಬಲು ಹಟ ಅವನಿಗೆ."

"ತಗೊಳ್ಳಿ, ತಗೊಳ್ಳಿ. ಈಗ ಕುಡೀರಿ."

ಸೊರ್ರೆಂದು ಕಾಫಿ ಹೀರಿದ ಸದ್ದು. ಕೆಮ್ಮು. ಆಮೇಲೆ ಹಾಡು ಎದ್ದಿತು, ಕಡಲಿನ ಕಡೆ ಮುಖ ಮಾಡಿ ಹಾಡಿದಂತೆ. ದೇವರ ಹೆಸರಿನಿಂದ ಶುರುವಾಗಿ, ಹುಟ್ಟು ಎಳೆಯುವ ತೋಳುಗಳನ್ನೆಲ್ಲ ಕರೆಯುತ್ತ, ಒಂದು ಕಡೆ ಏರಿ, ಅಲ್ಲೇ ನಿಂತು, ಯಾರೂ ಎಣಿಸದ ಕಡೆ ಇಳಿಯಿತು.

ಬೂ ಜರ್ರಾಹ್ ಕಿವಿಯನ್ನು ಸ್ಪೀಕರಿಗೆ ತಾಗಿಸಿಬಿಟ್ಟಿದ್ದ. ತಲೆಬಟ್ಟೆ ಜಾರಿತ್ತು. ಅವನ ತಲೆಯ ಮೇಲೆ ಆ ಕರಿ ಹಾಯಿ ಬಿಚ್ಚಿಕೊಂಡಿತು. ಬೆತ್ತದ ಹಿಡಿ, ಕಡ್ಡಿಗಳು, ನಡುವೆ ಚುಕ್ಕೆಯಷ್ಟು ಆಕಾಶ. ಅದು ಹಾಯಿ ಆಗಿರಲೇ ಇಲ್ಲ.

ಹಾಡು ಮುಗಿದ ಮೇಲೆ ಮೊದಲು ನಕ್ಕವನು ಅವನೇ. ಕಣ್ಣೀರು ಗಡ್ಡಕ್ಕೆ ಇಳಿಯುತ್ತಿದ್ದರೂ ಹೊಟ್ಟೆ ಕುಲುಕಿಸಿ ನಕ್ಕ.

"ಕೇಳೇ ಇಸ್ಕೊಂಡಿದ್ದಾನೆ ಮುದುಕ," ಎಂದ. "ನಾನು ಅರವತ್ತು ವರ್ಷ ಸುಳ್ಳು ಹೇಳಿದೆ."

"ನಾನೂ ಜೊತೆಗೆ ತುಟಿ ಆಡಿಸಿದೆ," ಎಂದ ಬೂ ಗಾನಿಮ್. "ಪಾಪದಲ್ಲಿ ನನಗೂ ಪಾಲಿದೆ."

ಆಗ ರಾಯಭಾರಿ ಫೆಲ್ಟನ್ನನ ಮಗಳ ಚೀಟಿ ಓದಿದರು. ಅಪ್ಪ ಕುವೈತಿನಿಂದ ಬಂದಿಳಿದ ದಿನ ಲಂಡನ್ನಿನಲ್ಲಿ ಜೋರು ಮಳೆಯಂತೆ, ತೊಯ್ದು ತೊಪ್ಪೆಯಾಗಿ ಮನೆಗೆ ಬಂದರಂತೆ. ಅಮ್ಮ ಕೊಡೆ ಎಲ್ಲಿ ಎಂದು ಗದರಿದರೆ, ಅದು ನನಗಿಂತ ಹೆಚ್ಚು ಬೇಕಾಗಿದ್ದವರ ಹತ್ತಿರ ಇದೆ ಎಂದಷ್ಟೇ ಹೇಳಿದರಂತೆ. ಆ ಕೊಡೆ ಏನಾಯಿತೆಂದು ತಿಳಿದರೆ ದಯಮಾಡಿ ಬರೆಯಿರಿ ಎಂದು ಕೇಳಿದ್ದಳು.

"ಚೆನ್ನಾಗಿದೆ ಅಂತ ಬರೀರಿ," ಎಂದ ಬೂ ಜರ್ರಾಹ್. "ಎರಡು ಕಡೆ ನುಸಿ ತಿಂದಿದೆ, ಅದನ್ನ ಬರೀಬೇಡಿ."

ಮೇರಿಯನ್ ಅವನ ಆರಿದ ಚಹಾ ತೆಗೆದು ಬಿಸಿಯದು ತರಲು ಬಗ್ಗಿದಳು. ಅವನು ಬೇಡವೆಂದು ಕೈ ಅಡ್ಡ ಹಿಡಿದ. ಬಟ್ಟಲನ್ನು ತಾನೇ ಎತ್ತಿಕೊಂಡು, ತಣ್ಣಗಾದ ಆ ಹಾಲಿನ ಚಹಾವನ್ನು, ಮುಖ ಸ್ವಲ್ಪವೂ ಸಿಂಡರಿಸದೆ, ತಳದವರೆಗೆ ಕುಡಿದ. ಆಮೇಲೆ ಇನ್ನೊಂದು ಸಲ ಹಾಕಿ ಎಂದ, ಹಾಡನ್ನಲ್ಲ, ಅದರ ಮುಂಚಿನ ಮಾತನ್ನು.

ಈಗ ಕೈಫಾನಿನ ಆ ದಿವಾನಿಯಾದಲ್ಲಿ ಕೊಡೆ ಮತ್ತೆ ಮೊಳೆಗೆ ಬಂದಿದೆ. ಹರಿದಲ್ಲಿ ಉಮ್ಮ್ ಜರ್ರಾಹ್ ಕರಿ ದಾರದಲ್ಲಿ ಹೊಲಿದಿದ್ದಾಳೆ. ಹೊಸಬರು ಬಂದು ಕೇಳಿದರೆ ಬೂ ಜರ್ರಾಹ್ ಮೊದಲಿನಂತೆಯೇ ನಿಧಾನವಾಗಿ ಕಥೆ ಹೇಳುತ್ತಾನೆ. ಕೇಳುವವರ ಮಾತು ಅವನಿಗೆ ಈಗ ಅಷ್ಟಾಗಿ ಕೇಳಿಸುವುದಿಲ್ಲ. ಬೂ ಗಾನಿಮ್ ಪಕ್ಕದಲ್ಲಿ ಕೂತು ತುಟಿ ಆಡಿಸುತ್ತಾನೆ, ಕೊನೆಯ ಮಾತು ಮಾತ್ರ ಬೇರೆ.

"ನಮ್ಮಪ್ಪ ಕೇಳಿ ಇಸ್ಕೊಂಡಿದ್ದು. ನನಗೋಸ್ಕರ."